ಎಡಗಡೆಯ ಸ್ಪೀಕರ್

"ಎಡಗಡೆಯದ್ದು ಇನ್ನೂ ಸರಿಹೋಗಿಲ್ಲ ಅನ್ಸುತ್ತೆ ಮೇಡಂ."

ಸತತ ನಾಲ್ಕನೇ ಶನಿವಾರ ಅದೇ ಕುರ್ಚಿ, ಅದೇ ಮುಚ್ಚಿದ ಕಣ್ಣು, ಅದೇ ಮಾತು. ಪುಟ್ಟಿಗೆ ಮೈಯೆಲ್ಲ ಉರಿದುಹೋಯಿತು. ಜೊತೆಗೆ, ಯಾರ ಹತ್ತಿರವೂ ಹೇಳುವಂತಿಲ್ಲ, ಹಾಲು ಕುಡಿದಷ್ಟು ಸಂತೋಷವೂ ಆಯಿತು. ಇನ್ನೊಂದು ಶನಿವಾರ ಸಿಕ್ಕಿತಲ್ಲ!

ಅಂಗಡಿ ಚಿಕ್ಕಪ್ಪನದು, ಹಿಂದಿನ ಕೋಣೆಯ ರಿಪೇರಿ ಕೆಲಸ ಪುಟ್ಟಿಯದು. ಇವನೋ ಪಿಯಾನೋ ಶ್ರುತಿ ಮಾಡುವವನು. ಬಾಗಿಲಿನಷ್ಟು ಎತ್ತರದ ಎರಡು ಹಳೇ ಸ್ಪೀಕರ್ ಹೊತ್ತು ತಂದಿದ್ದ. ಎಡಗಡೆಯದರ ಒಳಗಿನ ಪ್ಲಾಸ್ಟಿಕ್ ಹಾಳೆ ಹರಿದಿತ್ತು, ಅವಳು ಹೊಸದು ಬಿಗಿದಳು.

ಮೊದಲ ದಿನ ಅವನು ಮಗುವಿನ ಹಾಗೆ ಪಕ್ಕದಲ್ಲೇ ಕೂತು ಕೇಳಿದ್ದ. "ಇಷ್ಟು ತೆಳು ಹಾಳೆಯಿಂದ ಅಷ್ಟು ಸ್ಪಷ್ಟ ಶಬ್ದ ಹೇಗೆ ಬರುತ್ತೆ?"

"ತೆಳುವಾಗಿರೋದಕ್ಕೇ ಬರುತ್ತೆ. ಈ ಎರಡು ತೂತಿನ ತಟ್ಟೆಗಳ ನಡುವೆ ಹಾಳೆ ನಿಂತಿರುತ್ತೆ. ಅದಕ್ಕೆ ಸಾವಿರಾರು ವೋಲ್ಟ್ ಕೊಟ್ಟಿರ್ತೀವಿ. ಸಂಗೀತದ ಸಿಗ್ನಲ್ ಬಂದಾಗ ಒಂದು ತಟ್ಟೆ ಎಳೆಯುತ್ತೆ, ಇನ್ನೊಂದು ತಳ್ಳುತ್ತೆ. ಹಾಳೆಗೆ ತೂಕವೇ ಇಲ್ಲ ನೋಡಿ, ಹೊರಡು ಅಂದ್ರೆ ಹೊರಡುತ್ತೆ, ನಿಲ್ಲು ಅಂದ್ರೆ ನಿಲ್ಲುತ್ತೆ. ತನ್ನದು ಅಂತ ಏನೂ ಸೇರಿಸಲ್ಲ."

"ತಟ್ಟೆಗೆ ತಾಗಲ್ವಾ?"

"ತಾಗಿದ್ರೆ ಕಿಡಿ ಹಾರಿ ಸುಟ್ಟುಹೋಗುತ್ತೆ. ಮಧ್ಯೆ ಜಾಗ ಇರ್ಲೇಬೇಕು."

ಅವನು ತಲೆಯಾಡಿಸಿ, ಮೇಜಿನ ಮೇಲೆ ಅವಳ ಕೈ ಪಕ್ಕದಲ್ಲಿದ್ದ ತನ್ನ ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡಿದ್ದ. ಆ ಎರಡು ಇಂಚು ಜಾಗ ಪುಟ್ಟಿಗೆ ಇವತ್ತಿಗೂ ನೆನಪಿದೆ.

"ಅವನು ಅತ್ತ ಹೋದನೋ ಇಲ್ವೋ, ನಿನ್ನ ಮುಖ ಇಷ್ಟೇ ಇಷ್ಟಾಗುತ್ತೆ," ಎಂದ ಚಿಕ್ಕಪ್ಪ, ಇವತ್ತು ಅವನು ಹೊರಟುಹೋದ ಮೇಲೆ, ಕೌಂಟರಿನಿಂದ. "ನೋಡಮ್ಮ, ಈ ಎಡಗಡೆ ಗಿರಾಕಿ ಮುಂದಿನ ವಾರವೂ ಇದೇ ರಾಗ ಎಳೆದ್ರೆ, ಎರಡನ್ನೂ ನನ್ನ ಗುರುಗಳ ವರ್ಕ್‌ಶಾಪಿಗೆ ಕಳಿಸಿಬಿಡ್ತೀನಿ. ಸರಿಯಿದೆ ಅಂದ್ರೆ ಗಾಡಿ ಕರೆಸಿ ಅವನ ಮನೆಗೆ ಕಳಿಸ್ತೀನಿ."

ಎರಡರಲ್ಲಿ ಯಾವುದಾದರೂ ಮುಂದಿನದೇ ಕೊನೆಯ ಶನಿವಾರ. ಪುಟ್ಟಿಗೆ ಆ ರಾತ್ರಿ ಊಟ ಸೇರಲಿಲ್ಲ.

ಪರೀಕ್ಷೆಗೆಂದು ಅವನು ತಾನೇ ಶ್ರುತಿ ಮಾಡಿ ನುಡಿಸಿದ ಪಿಯಾನೋದ ರೆಕಾರ್ಡಿಂಗ್ ಕೊಟ್ಟಿದ್ದ. ವಾರವಿಡೀ ಅದನ್ನೇ ಹಾಕಿಕೊಂಡು ಕೂತಳು. ಮೊದಲ ಸ್ವರಕ್ಕೂ ಮುಂಚೆ ಎಡಗಡೆಯಿಂದ ಅವನು ಉಸಿರೆಳೆದುಕೊಳ್ಳುವುದು ಕೇಳಿಸುತ್ತಿತ್ತು. ಅಂಗಿ ತೋಳಿನ ಗುಂಡಿ ಪಿಯಾನೋದ ಮರಕ್ಕೆ ತಾಗಿದ್ದು ಕೂಡ. ಎಷ್ಟೋ ಸಲ ಅಷ್ಟು ಮಾತ್ರ ಕೇಳಿ, ನಿಲ್ಲಿಸಿ, ಮತ್ತೆ ಮೊದಲಿನಿಂದ ಹಾಕಿದಳು. ಪಿಯಾನೋ ಯಾರಿಗೆ ಬೇಕಿತ್ತು?

ಉಸಿರು ಕೂಡ ಕೇಳಿಸುತ್ತಿದ್ದರೆ ಸ್ಪೀಕರಿನಲ್ಲಿ ದೋಷವೆಲ್ಲಿ? ಆದರೆ ಅವನ ಕಿವಿ ಅಂಥಿಂಥ ಕಿವಿಯಲ್ಲ. ಅವನಿಗೆ ಕೇಳಿಸಿದ್ದು ತನಗೆ ಕೇಳಿಸುತ್ತಿಲ್ಲವೆಂದರೆ, ತನ್ನ ಕಿವಿಯೇ ಹೋಯಿತೆಂದು ಅರ್ಥ. ಮಂಗಳವಾರ ಕಿವಿ ಡಾಕ್ಟರ ಹತ್ತಿರವೂ ಹೋಗಿ ಬಂದಳು. ಅವರು, "ಬೆಕ್ಕಿನ ಕಿವಿ ಕಣಮ್ಮ ನಿಂದು," ಎಂದು ನಕ್ಕು ಕಳಿಸಿದರು.

ಶುಕ್ರವಾರ ಧೈರ್ಯ ಮಾಡಿದಳು. ರಿಪೇರಿ ಮಾಡುವ ಯಾರೇ ಆದರೂ ಮೊದಲ ದಿನವೇ ಮಾಡುವ ಪರೀಕ್ಷೆ ಅದು: ವೈರುಗಳನ್ನು ಇದ್ದಲ್ಲೇ ಬಿಟ್ಟು ಎಡಗಡೆಯದ್ದನ್ನು ಬಲಕ್ಕಿಡುವುದು, ಬಲದ್ದನ್ನು ಎಡಕ್ಕೆ. ದೋಷ ಸ್ಪೀಕರಿನದೇ ಆಗಿದ್ದರೆ ಅದರ ಜೊತೆಗೇ ಬಲಕ್ಕೆ ಬರಬೇಕು. ಇಷ್ಟು ದಿನ ಯಾಕೆ ಮಾಡಿರಲಿಲ್ಲ ಅಂತೀರಾ? ದೋಷ ಸಿಕ್ಕಿದರೆ ರಿಪೇರಿ ಮುಗಿಯುತ್ತೆ, ಅವನು ಬರೋದೂ ಮುಗಿಯುತ್ತೆ. ಅದಕ್ಕೇ.

ಶನಿವಾರ ಮಧ್ಯಾಹ್ನ ಅವನು ಬಂದ. ಕೋಣೆಯ ನಡುವಿನ ಒಂಟಿ ಕುರ್ಚಿಯಲ್ಲಿ ಕೂತ. ಈ ಸ್ಪೀಕರುಗಳ ಸ್ವಭಾವವೇ ಅದು, ಸರಿಯಾದ ಶಬ್ದ ಸಿಗುವುದು ಆ ಒಂದೇ ಜಾಗದಲ್ಲಿ. ಪಿಯಾನೋ ಮುಗಿಯುವವರೆಗೆ ಪುಟ್ಟಿ ಅವನ ಮುಚ್ಚಿದ ರೆಪ್ಪೆಗಳನ್ನೇ ನೋಡುತ್ತಿದ್ದಳು.

"ಎಡಗಡೆಯದ್ದು..." ಅವನು ಗಂಟಲು ಸರಿಮಾಡಿಕೊಂಡ. "ಇನ್ನೂ ಸ್ವಲ್ಪ ಮಂಕು."

"ಎಡಗಡೆ ಇರೋದು ನಿಮ್ಮ ಬಲಗಡೆಯ ಸ್ಪೀಕರ್. ನಿನ್ನೆ ನಾನೇ ಬದಲಾಯಿಸಿದೆ."

ಅವನ ಕಣ್ಣು ತೆರೆಯಿತು. ಕಿವಿಯ ತುದಿ ಕೆಂಪಾಯಿತು.

"ಮೊದಲ ಶನಿವಾರವೇ ಸರಿಹೋಗಿತ್ತು," ಎಂದ ಸಣ್ಣ ದನಿಯಲ್ಲಿ. "ಸರಿಯಿದೆ ಅಂದಿದ್ರೆ ಗಾಡಿಗೆ ಹಾಕಿ ಕಳಿಸಿಬಿಡ್ತಿದ್ರಿ. ಆಮೇಲೆ ಏನು ನೆಪ ಹೇಳಿಕೊಂಡು ಬರ್ಲಿ ಇಲ್ಲಿಗೆ?"

"ನಾನು ಕಿವಿ ಡಾಕ್ಟರ ಹತ್ತಿರ ಹೋಗಿ ಬಂದೆ, ಗೊತ್ತಾ?" ಎಂದಳು ಪುಟ್ಟಿ. "ಈ ಕೆಲಸ ಬಿಟ್ರೆ ನಂಗೆ ಬೇರೇನು ಬರುತ್ತೆ? ಕಿವಿ ಹೋಯ್ತು ಅಂತ ಎಷ್ಟು ಅತ್ತಿದ್ದೀನಿ!"

ಅವನು ದಡಬಡಿಸಿ ಎದ್ದು ನಿಂತ. "ಅಯ್ಯೋ, ಹೀಗಾಗುತ್ತೆ ಅಂತ ಹೊಳೀಲೇ ಇಲ್ಲ. ತಪ್ಪಾಯ್ತು. ನಿಮ್ಮಷ್ಟು ಒಳ್ಳೇ ಕೆಲಸಗಾರರನ್ನ ನಾನು ನೋಡೇ ಇಲ್ಲ. ನೀವಂದ್ರೆ ನಂಗೆ ತುಂಬಾ ಇಷ್ಟ. ಅಷ್ಟು ಹೇಳೋಕೆ ಬಾಯಿ ಬರಲಿಲ್ಲ, ಅದಕ್ಕೆ ಪಾಪದ ಸ್ಪೀಕರ್ ಮೇಲೆ ತಪ್ಪು ಹಾಕಿದೆ."

ಪುಟ್ಟಿ ಕಣ್ಣೊರೆಸಿಕೊಂಡಳು. "ನಾನೂ ಈ ಪರೀಕ್ಷೆ ಮೊದಲ ದಿನವೇ ಮಾಡಬಹುದಿತ್ತು."

"ಮತ್ತೆ ಯಾಕೆ ಮಾಡಲಿಲ್ಲ?"

ಪುಟ್ಟಿ ತನ್ನ ಸ್ಟೂಲನ್ನು ಎಳೆದು ಕುರ್ಚಿಗೆ ಅಂಟಿಸಿ ಇಟ್ಟಳು. "ಕೂತ್ಕೊಳ್ಳಿ. ಸ್ವಲ್ಪ ಆ ಕಡೆ ಸರೀರಿ."

"ಇಬ್ಬರು ಕೂತ್ರೆ ಯಾರಿಗೂ ಸರಿಯಾಗಿ ಕೇಳಲ್ಲ ಅಂತ ನೀವೇ ಹೇಳಿದ್ರಿ."

"ಕೇಳದಿದ್ರೆ ಬೇಡ," ಎಂದು ರೆಕಾರ್ಡಿಂಗ್ ಮತ್ತೆ ಹಾಕಿ ಪಕ್ಕದಲ್ಲಿ ಕೂತಳು. ಭುಜಕ್ಕೆ ಭುಜ ತಾಗಿತು. ಈ ಸಲ ಅವನು ಸರಿಯಲಿಲ್ಲ. ಪಿಯಾನೋ ಮತ್ತೆ ಶುರುವಾಗುವ ಮೊದಲು ಅವನ ಉಸಿರು ಕೇಳಿಸಿತು, ಅವಳ ಕಿವಿಯ ಹತ್ತಿರವೇ.

"ಏನಮ್ಮಾ ಪುಟ್ಟಿ," ಚಿಕ್ಕಪ್ಪ ಹೊರಗಿನಿಂದ ಕೂಗಿದ. "ಗಾಡಿ ಕರೆಸ್ಲಾ?"

"ಬೇಡ!" ಎಂದರು ಇಬ್ಬರೂ ಒಟ್ಟಿಗೆ.