ನಜೀರ್ ಮಾಸ್ತರ ಮೇಲೆ ಬಂದ ಅಪವಾದ

ಸಿದ್ದರಾಮು ಚಾಪೆಯ ಮೇಲೆ ಕೂತು ಗಾಳಿಯಲ್ಲಿ ಏನನ್ನೋ ಹಿಡಿಯುತ್ತಿದ್ದ. ಕಣ್ಣಿನ ಪಾಪೆಗಳು ಅರಳಿದ್ದವು. ನಾಲಿಗೆ ಒಣಗಿತ್ತು. ಯಾರ ಗುರುತೂ ಸಿಗುತ್ತಿರಲಿಲ್ಲ.

"ಉಮ್ಮತ್ತಿ ಬೀಜ, ದತ್ತೂರಿ," ಎಂದರು ಡಾಕ್ಟರು. "ಯಾರೋ ತಿನ್ನಿಸಿದ್ದಾರೆ. ಉಳೀತಾನೋ ಇಲ್ವೋ, ಸಂಜೆವರೆಗೂ ಹೇಳಕ್ಕಾಗಲ್ಲ."

೧೯೪೫ರ ಒಂದು ಶನಿವಾರದ ಬೆಳಿಗ್ಗೆ. ಮದ್ದೂರಿನ ಛತ್ರ. ಮಾರನೆಯ ದಿನ ಮಂಡ್ಯಕ್ಕೂ ಮಳವಳ್ಳಿಗೂ ಫುಟ್‌ಬಾಲ್ ಫೈನಲ್. ಸಿದ್ದರಾಮು ಮಂಡ್ಯದ ಗೋಲಿ, ಗೋಲು ಕಾಯುವವನು.

ಸಬ್‌ಇನ್ಸ್‌ಪೆಕ್ಟರ್ ಮರಿಸಿದ್ದಯ್ಯ ಬಂದಾಗ ಎಲ್ಲರ ಕಣ್ಣೂ ಕೋಚ್ ನಜೀರ್ ಅಹ್ಮದರ ಮೇಲಿತ್ತು.

ಮರಿಸಿದ್ದಯ್ಯನಿಗೆ ಅವರ ಗುರುತು ಸಿಕ್ಕಿತು. ಬೆಂಗಳೂರಿನಲ್ಲಿ ಕಾನ್‌ಸ್ಟೇಬಲ್ ಆಗಿದ್ದಾಗ ಇವರ ಆಟ ನೋಡಲು ಮರ ಹತ್ತಿದವನು ಅವನು. ಮಂಡ್ಯದ ಗಾಡಿ ರಿಪೇರಿಯವರ ಮಗ ನಜೀರ್ ಬರಿಗಾಲಲ್ಲಿ ಆಡುತ್ತಲೇ ಕಲ್ಕತ್ತೆ ಸೇರಿ, ಆರು ವರ್ಷ ಸಂಬಳಕ್ಕೆ ಆಡಿದ್ದರು. ಮಂಡಿ ಮುರಿದ ಮೇಲೆ ಊರಿಗೆ ಬಂದು ಹುಡುಗರಿಗೆ ಆಟ ಕಲಿಸುತ್ತಿದ್ದರು.

"ಬೆಳಿಗ್ಗೆ ಎಲ್ಲರಿಗೂ ರಾಗಿಗಂಜಿ ಕೊಟ್ಟೋರು ಇವರೇ," ಎಂದ ಹಳೆಯ ಕ್ಯಾಪ್ಟನ್ ಚಲುವರಾಜು. "ಸಿದ್ದರಾಮು ಲೋಟ ಖಾಲಿ ಮಾಡಿದ್ದು ನಾನೇ ನೋಡ್ದೆ. ಇದನ್ನೂ ನೋಡಿ ಸಾಮಿ. ಇವರ ಪೆಟ್ಟಿಗೇಲಿತ್ತು."

ಅವನು ಚಾಚಿದ ಕಾಗದ ಮಳವಳ್ಳಿಯಿಂದ ಬಂದದ್ದು. ನಮ್ಮ ತಂಡಕ್ಕೆ ಬನ್ನಿ ಎಂದಿತ್ತು.

"ಬರಲ್ಲ ಅಂತ ಬರೆದೆ," ಎಂದರು ನಜೀರ್. ಮತ್ತೆ ಸಿದ್ದರಾಮುವಿನ ಪಕ್ಕ ಕೂತರು.

* * *

ಮಳವಳ್ಳಿಯವರು ಇಳಿದುಕೊಂಡಿದ್ದದ್ದು ಪಕ್ಕದ ಬೀದಿಯಲ್ಲೇ. ಮರಿಸಿದ್ದಯ್ಯ ಅಲ್ಲಿಗೆ ಹೋದಾಗ ಅವರ ಕ್ಯಾಪ್ಟನ್ ಚಿಕ್ಕಬೋರಯ್ಯ ನಜೀರರ ಉತ್ತರ ತೆಗೆದು ತೋರಿಸಿದ. ಬರುವುದಿಲ್ಲ ಎಂದೇ ಬರೆದಿತ್ತು.

"ಗೋಲಿ ಇಲ್ದೋರ ಮೇಲೆ ಗೆದ್ದು ನಾವೇನ್ ಮಾಡಾನ?" ಎಂದ. "ಒಂದು ವಾರ ಮುಂದಕ್ಕಾಕಿ ಅಂತ ನಾನೇ ಏಳ್ತೀನಿ ಬುಡಿ."

ಛತ್ರಕ್ಕೆ ಮರಳಿದ ಮರಿಸಿದ್ದಯ್ಯ ಸಿದ್ದರಾಮು ಮಲಗಿದ್ದ ಕೋಣೆಯ ಕಿಟಕಿಯಾಚೆ ಬಗ್ಗಿ ನೋಡಿದ. ಗೋಡೆಯ ಬುಡದಲ್ಲಿ ಗಂಜಿ ಚೆಲ್ಲಿತ್ತು, ಒಂದು ಲೋಟದಷ್ಟು. ಪಕ್ಕದ ಮನೆಯ ಕೋಳಿಗಳು ಅದನ್ನೇ ಕುಕ್ಕಿ ತಿಂದು ಆರಾಮಾಗಿ ಓಡಾಡುತ್ತಿದ್ದವು.

ಒಳಗೆ ಹೋಗಿ ಸಿದ್ದರಾಮುವಿನ ಮುಖ ನೋಡಿದ. ಬಲಗೆನ್ನೆ ಊದಿತ್ತು.

"ಡಾಕ್ಟ್ರೇ, ಬಾಯಿ ಒಂದ್ಸಲ ನೋಡಿ."

ಹುಳುಕು ಹಲ್ಲಿನ ಸಂದಿಯಲ್ಲಿ ವೀಳ್ಯದೆಲೆಯ ಚೂರು. ಜೊತೆಗೆ ಜಜ್ಜಿದ ಉಮ್ಮತ್ತಿ ಬೀಜ.

* * *

"ಚಲುವರಾಜು, ಒಂದು ಎಲೆ ಕೊಡಯ್ಯ."

ಚಲುವರಾಜು ಸೊಂಟದ ಎಲೆಅಡಿಕೆ ಚೀಲವನ್ನು ಬಿಗಿಯಾಗಿ ಹಿಡಿದುಕೊಂಡ. ಮರಿಸಿದ್ದಯ್ಯ ಅದನ್ನು ಕಿತ್ತು ಕೊಡವಿದ. ಅಡಿಕೆಯ ಜೊತೆ ಬೀಜಗಳೂ ಉದುರಿದವು.

"ಸಿದ್ದರಾಮುಗೆ ಹಲ್ಲುನೋವು," ಎಂದ ಮರಿಸಿದ್ದಯ್ಯ. "ಬಿಸಿ ಗಂಜಿ ಕುಡಿಯಕ್ಕಾಗ್ದೆ, ಮಾಸ್ತರು ಬೈತಾರೆ ಅಂತ ಕಿಟಕಿ ಆಚೆ ಸುರಿದವ್ನೆ. ಕುಡೀದೇ ಇದ್ದ ಗಂಜೀನ ಕುಡ್ದಿದ್ದು ನೋಡ್ದೆ ಅಂದೋನು ನೀನೊಬ್ನೇ. ಯಾಕಂದ್ರೆ ತಪ್ಪು ಮಾಸ್ತರ ಗಂಜಿ ಮೇಲೆ ಹೋಗ್ಬೇಕಿತ್ತು. ಹಲ್ಲುನೋವಿಗೆ ಮದ್ದು ಅಂತ ಎಲೆ ಮಡಿಚಿ ಕೊಟ್ಟೋನೂ ನೀನೇ."

ಚಲುವರಾಜು ಕೈಮುಗಿದ. "ಸಾಯ್ಲಿ ಅಂತಲ್ಲ ಸಾಮಿ. ಎರಡು ದಿನ ಮಂಕಾಗ್ಲಿ ಅಂತ. ಹತ್ತು ವರ್ಷ ತಂಡ ನಡೆಸ್ದೋನು ನಾನು. ಈ ಮಾಸ್ತರು ಬಂದ್ರು, ನನ್ನ ಆಚೆ ಕೂರ್ಸಿದ್ರು. ಫೈನಲ್ ಸೋತ್ರೆ ಇವರು ತಂಡ ಬಿಟ್ಟು ಓಯ್ತಾರೆ ಅಂದ್ಕೊಂಡೆ."

ನಜೀರ್ ಸಿದ್ದರಾಮುವಿನ ತುಟಿಗೆ ಒದ್ದೆ ಬಟ್ಟೆ ಒತ್ತುತ್ತಲೇ ಇದ್ದರು.

* * *

ಸಂಜೆ ದೀಪ ಹಚ್ಚುವ ಹೊತ್ತಿಗೆ ಸಿದ್ದರಾಮು ನೀರು ಕೇಳಿದ. ಕುಡಿದು, ಎದುರಿಗಿದ್ದವರನ್ನು ದಿಟ್ಟಿಸಿದ.

"ಮಾಸ್ತ್ರೇ, ಮ್ಯಾಚು?"

"ಮುಂದಿನ ಭಾನುವಾರ ಕಣೋ. ಮಲಕ್ಕೊ."

ಅಪಾಯ ಕಳೆಯಿತು ಎಂದರು ಡಾಕ್ಟರು. ನಜೀರ್ ಕುಂಟುತ್ತ ಜಗಲಿಗೆ ಬಂದು ಕಂಬ ಹಿಡಿದು ಅತ್ತರು. ಮರಿಸಿದ್ದಯ್ಯ ಬಾಗಿಲಲ್ಲೇ ನಿಂತು, ಅವರು ಕಣ್ಣೊರೆಸಿಕೊಳ್ಳುವವರೆಗೆ ಕಾದ.

"ಬೆಳಿಗ್ಗೆಯಿಂದ ಏನಾದ್ರೂ ತಿಂದ್ರಾ?"

"ಇಲ್ಲ ಸಾಮಿ."

"ಬನ್ನಿ, ನಮ್ಮನೇಗೋಗಾನ. ನನ್ನೆಂಡ್ತಿ ಯಶೋದ ಮುದ್ದೆ ಮಾಡವ್ಳೆ."