ಎಡಗೈ ಊಟ

ತುಬಚಿ ಹೈಸ್ಕೂಲಿಗೆ ಕನ್ನಡ ಟೀಚರಾಗಿ ಬಂದ ಮೂರನೇ ದಿನವೇ ಪೂನಮ್‌ಗೆ ಗಣಿತದ ಪರಮೇಶ ಸರ್ ಮೇಲೆ ಸಿಟ್ಟು ಬಂತು.

ಮಧ್ಯಾಹ್ನ ಎಲ್ಲರೂ ಸ್ಟಾಫ್‌ರೂಮಿನಲ್ಲಿ ಡಬ್ಬಿ ಬಿಚ್ಚಿ ಹಂಚಿಕೊಂಡು ಉಣ್ಣುತ್ತಿದ್ದರು. ಆತ ಮಾತ್ರ ಬಲಗೈ ಜೇಬಿಗೆ ತುರುಕಿಕೊಂಡು ಲ್ಯಾಬಿಗೆ ಹೋಗಿ ಒಬ್ಬನೇ ಉಣ್ಣುತ್ತಿದ್ದ. ಅವಳು ಶೇಂಗಾ ಹೋಳಿಗೆ ಕೊಡಹೋದರೂ "ಬ್ಯಾಡ್ರೀ" ಎಂದ.

"ಯಾಕ್ರೀ ಸರ್, ನಾವು ಮುಟ್ಟಿದ್ದು ನಿಮಗ ನಡಿಯಂಗಿಲ್ಲೇನ್ರೀ?"

ಪರಮೇಶನ ಮುಖ ಕಳೆಗುಂದಿತು. ನಿಧಾನವಾಗಿ ಕೈ ಹೊರತೆಗೆದ. ತೋರುಬೆರಳೂ ಇರಲಿಲ್ಲ, ನಡುಬೆರಳೂ ಇರಲಿಲ್ಲ.

"ಹೋದ ವರ್ಷ ಊರಾಗ ದನಕ್ಕ ಹಾಕೋ ಕಣಕಿ ಕೊಚ್ಚೋ ಮಷೀನಿಗೆ ಸಿಕ್ಕು ಹೋದವ್ರೀ. ಈ ಕೈಲೆ ಉಂಡ್ರ ಅನ್ನ ಉದರ್ತೈತಿ. ಎಡಗೈಲೆ ಉಂಡ್ರ ಮಂದಿ ನೋಡ್ತಾರ. ನಿಮ್ಮ ಕೈಗಲ್ರೀ, ನನ್ನ ಕೈಗೆ ನಾ ನಾಚ್ತೇನಿ."

ಪೂನಮ್ ನಾಲಿಗೆ ಕಚ್ಚಿಕೊಂಡಳು. ಬಸ್ಸಿನಲ್ಲಿ ಬನಹಟ್ಟಿಯ ಮನೆ ಮುಟ್ಟುವವರೆಗೂ ತಾನಾಡಿದ ಮಾತೇ ಅವಳನ್ನು ಚುಚ್ಚುತ್ತಿತ್ತು.

ಮರುದಿನ ಅವಳು ಡಬ್ಬಿ ಹಿಡಿದು ನೇರ ಲ್ಯಾಬಿಗೆ ಬಂದಳು. ಅವನೆದುರು ಕೂತು, ಬಲಗೈ ಬೆನ್ನ ಹಿಂದಿಟ್ಟು, ಎಡಗೈಯಲ್ಲಿ ಉಣ್ಣತೊಡಗಿದಳು.

"ಏನ್ ಮಾಡಾಕತ್ತೀರಿ ಟೀಚರ್?"

"ಕಲಿಯಾಕತ್ತೇನ್ರಿ."

ಬದನೆಕಾಯಿ ಪಲ್ಯ ಸೀರೆಗೆ, ಅನ್ನ ಗದ್ದಕ್ಕೆ. ಪರಮೇಶ ತುಟಿ ಬಿಗಿದು ತಡೆದ, ತಡೆದ, ಆಗಲಿಲ್ಲ.

"ಟೀಚರ್, ಬಾಯಿ ಇನ್ನ ಸ್ವಲ್ಪ ಮ್ಯಾಲೈತ್ರೀ."

ಅವಳು ಕಣ್ಣು ಕೆಕ್ಕರಿಸಿದಳು. ಮರುಕ್ಷಣ ಇಬ್ಬರೂ ನಕ್ಕರು. ಬಾಯಿಬಿಟ್ಟು ನಕ್ಕು ವರ್ಷವಾಗಿತ್ತೆಂದು ಅವನಿಗೆ ಆಮೇಲೆ ಹೊಳೆಯಿತು.

"ನಕ್ಕಿದ್ದು ಸಾಕು. ಈಗ ನೀವು ತೋರಸ್ರಿ. ಬಲಗೈಲೆ."

ಹೆಬ್ಬೆರಳು, ಉಂಗುರಬೆರಳಿನ ನಡುವೆ ಹಿಡಿದ ತುತ್ತು ಎರಡು ಸಲ ಜಾರಿತು. ಅವಳು ಕನಿಕರದಿಂದ ನೋಡಲಿಲ್ಲ, ಕಣ್ಣನ್ನೂ ತಪ್ಪಿಸಲಿಲ್ಲ. "ಮತ್ತೊಂದ್ ಸಲ" ಎಂದಳು ಅಷ್ಟೇ. ಮೂರನೆಯದು ಬಾಯಿ ಮುಟ್ಟಿತು.

ಎಲ್ಲ ದಿನವೂ ಹಾಗಿರಲಿಲ್ಲ. ಒಮ್ಮೆ ರೊಟ್ಟಿ ಮುರಿಯಲಾಗದೆ ಡಬ್ಬಿಯ ಮುಚ್ಚಳ ಎಸೆದ. "ಇವತ್ತ ಆಗಂಗಿಲ್ರೀ!" ಅವಳು ಮುರಿದುಕೊಡಲಿಲ್ಲ. ಮುಚ್ಚಳ ಎತ್ತಿಟ್ಟು, "ನಾಳೆ ಆಕ್ಕೈತ್ರೀ" ಎಂದಳು.

ಎರಡು ತಿಂಗಳಿಗೆ ಪರಮೇಶ ತಾನಾಗಿಯೇ ಸ್ಟಾಫ್‌ರೂಮಿಗೆ ಬಂದು ಅವಳ ಪಕ್ಕದಲ್ಲಿ ಕೂತ. ಯಾರು ತನ್ನ ಕೈ ನೋಡಿದರೆಂದು ಅವನಿಗೆ ತಿಳಿಯಲಿಲ್ಲ. ಅವನು ನೋಡುತ್ತಿದ್ದದ್ದು, ಏನೂ ಆಗಿಲ್ಲವೆಂಬಂತೆ ಉಪ್ಪಿನಕಾಯಿ ಬಡಿಸುತ್ತಿದ್ದ ಅವಳ ಕೆನ್ನೆಯ ಗುಳಿಯನ್ನು.

ಒಂದು ಶನಿವಾರ, ಬಸ್‌ಸ್ಟಾಪಿನಲ್ಲಿ ಮೆಲ್ಲಗೆ ಹೇಳಿದ: "ನಮ್ಮವ್ವ ನಿಮ್ಮ ಮನಿಗೆ ಬರ್ತೇನಿ ಅಂತಾಳ್ರೀ. ಕೇಳಾಕ."

"ಏನ್ ಕೇಳಾಕ್ರೀ?" ಗೊತ್ತಿದ್ದೂ ಕೇಳಿದಳು.

"ನಿಮ್ಮನ್ನ." ಕಿವಿ ಕೆಂಪಾಯಿತು. "ಆದ್ರ ಟೀಚರ್, ಎಲ್ಲಾರ ಮುಂದ ತಾಳಿ ಕಟ್ಟುವಾಗ ಗಂಟು ಕೂಡಲಿಲ್ಲಂದ್ರ?"

ಪೂನಮ್ ತೊಡೆಯ ಮೇಲಿದ್ದ ಉತ್ತರಪತ್ರಿಕೆಗಳ ಕಟ್ಟು ಬಿಚ್ಚಿ, ಅದರ ದಾರ ಕೊಟ್ಟು ಮುಂಗೈ ಚಾಚಿದಳು. "ಕಟ್ರಿ, ನೋಡೂಣು."

ಮೊದಲ ಗಂಟು ಜಾರಿತು. ಎರಡನೆಯದು ನಿಂತಿತು. ಅವನ ಉಸಿರು ಅವಳ ಮಣಿಕಟ್ಟಿಗೆ ತಾಗುತ್ತಿತ್ತು. ಕಿರುಬೆರಳಿನಿಂದ ಒತ್ತಿ ಹಿಡಿದು ಇನ್ನೊಂದು ಬಿಗಿದ. ಅವಳು ಜಗ್ಗಿ ನೋಡಿದಳು.

"ಬಿಚ್ಚಂಗಿಲ್ಲ ಬಿಡ್ರಿ. ಅವ್ವಾರಿಗೆ ನಾಳೇನ ಬರಾಕ ಹೇಳ್ರಿ."

ಅಷ್ಟರಲ್ಲಿ ಗಾಳಿ ಬೀಸಿ ಒಂಬತ್ತನೇ ಕ್ಲಾಸಿನ ಉತ್ತರಪತ್ರಿಕೆಗಳೆಲ್ಲ ರಸ್ತೆಗೆ ಹಾರಿದವು. ನಗುತ್ತ ಆರಿಸುವ ಗಡಿಬಿಡಿಯಲ್ಲಿ, ಅವಳು ಹತ್ತಬೇಕಿದ್ದ ಜಮಖಂಡಿ ಬಸ್ಸು ಬಂದು ಹೋದದ್ದು ಇಬ್ಬರಿಗೂ ಗೊತ್ತಾಗಲಿಲ್ಲ.