ಎರವಲು ಕೋಟು

"ಎಕ್ಸ್‌ಕ್ಯೂಸ್ ಮಿ... ಅದು ನನ್ನ ಕೋಟು!"

ಚೀನಾದ ನಾನ್‌ಜಿಂಗ್ ನಗರ. 2019ರ ಡಿಸೆಂಬರ್‌ನ ಒಂದು ಭಾನುವಾರ ಬೆಳಿಗ್ಗೆ. ಹೋಟೆಲಿನ ಬಾಗಿಲಲ್ಲಿ ಸಮೀಕ್ಷಾ ಬೆಚ್ಚಿ ತಿರುಗಿದಳು. ಮೂರು ಸ್ವೆಟರ್ ಒಂದರ ಮೇಲೊಂದು ಹಾಕಿಕೊಂಡು ಗಡಗಡ ನಡುಗುತ್ತಿದ್ದ ಯುವಕನೊಬ್ಬ ಅವಳ ನೀಲಿ ಕೋಟನ್ನೇ ದುರುಗುಟ್ಟಿ ನೋಡುತ್ತಿದ್ದ.

"ಅಯ್ಯೋ, ಬೆಳಗಾಗೆದ್ದು ಇದ್ಯಾವ ಗ್ರಹಚಾರ!" ಎಂದು ಗೊಣಗಿದಳು.

"ಕನ್ನಡನಾ?!" ಅವನ ಮುಖ ಅರಳಿತು. "ಹಾಗಾದ್ರೆ ಗ್ಯಾರಂಟಿ ನಂದೇ. ಮಲೇಷ್ಯಾದಲ್ಲಿ ಸೈಬರ್‌ಜಯಾದ ತುಳಸಿ ಅಕ್ಕ ಕೊಟ್ಟಿದ್ದು ತಾನೇ? ಎಡಗಡೆ ಜೇಬು ಹರಿದಿದೆ, ನೋಡಿ."

ಕೈ ಹಾಕಿ ನೋಡಿದಳು. ಹರಿದಿತ್ತು!

ವರ್ಷವಿಡೀ ಬೆವರುವ ಮಲೇಷ್ಯಾದಲ್ಲಿ ಚಳಿಗಾಲದ ಕೋಟು ಕೊಳ್ಳುವವರು ಯಾರು? ಅಲ್ಲಿನ ನಮ್ಮವರ ನಡುವೆ ಒಂದೆರಡು ಕೋಟುಗಳು ಮನೆಯಿಂದ ಮನೆಗೆ ತಿರುಗುತ್ತಿರುತ್ತವೆ. ಈ ಯುವಕ, ತ್ರಿವಿಕ್ರಮ, ತನ್ನದನ್ನು ತುಳಸಿ ಅಕ್ಕನಿಗೆ ಕೊಟ್ಟು ಮರೆತಿದ್ದ. ಆಫೀಸಿನ ಟ್ರೇನಿಂಗಿಗೆ ಹೊರಡುವಾಗ ಕೇಳಿದರೆ, ಅದು ಆಗಲೇ ಪಕ್ಕದೂರು ನಿಲಾಯ್‌ನಲ್ಲಿ ಪಾಠ ಮಾಡುವ ಮೈಸೂರಿನ ಹುಡುಗಿಯ ಹೆಗಲೇರಿತ್ತು. ಅವಳೂ ಸೆಮಿನಾರಿಗೆಂದು ಅದೇ ಊರಿಗೆ, ಅದೇ ಹೋಟೆಲಿಗೆ!

"ತಗೊಳ್ಳಿ ನಿಮ್ಮ ಕೋಟು" ಎಂದು ಗುಂಡಿ ಬಿಚ್ಚತೊಡಗಿದಳು.

"ಬೇಡ ಬೇಡ, ಹಾಕ್ಕೊಳ್ಳಿ! ಊರು ನೋಡೋಕೆ ಹೊರಟಿದ್ದೀರಾ? ನನಗೂ ಇವತ್ತು ರಜ... ದಾರಿ ಗೊತ್ತಿಲ್ಲದೋರು ಇಬ್ಬರಾದ್ರೆ ಸ್ವಲ್ಪ ಧೈರ್ಯ."

ಎಂಥ ದಿನ ಅದು! ಹಳೆಯ ಕೋಟೆಗೋಡೆಯ ಮೇಲೆ ಅವಸರವಿಲ್ಲದೆ ನಡೆದರು. ಕೆಳಗೆ ಮಂಜು ಕವಿದ ಕೆರೆ. ಮಾತಾಡಿದರೆ ಬಾಯಿಂದ ಹೊಗೆ ಬರುವುದನ್ನು ನೋಡಿ ಮಕ್ಕಳ ಹಾಗೆ ನಕ್ಕರು. ಎರಡು ಸಲ ದಾರಿ ತಪ್ಪಿದರು, ಎರಡನೆಯ ಸಲ ಬೇಕೆಂದೇ. ಮಾಂಸವಿಲ್ಲದ ಊಟ ಹುಡುಕಿ ಸೋತು, ಸುಟ್ಟ ಗೆಣಸು ಮಾರುವ ಅಜ್ಜಿಯ ಮುಂದೆ ನಿಂತರು. ಒಂದೇ ಗೆಣಸು ಮುರಿದು ಹಂಚಿಕೊಳ್ಳುವಾಗ ಬೆರಳಿಗೆ ಬೆರಳು ತಾಗಿತು. ಇಬ್ಬರೂ ಏನೂ ಆಗದವರಂತೆ ಗೆಣಸು ಊದತೊಡಗಿದರು!

ಸಂಜೆ ಕೆರೆದಂಡೆಯಲ್ಲಿ ಅವಳು ಕೋಟು ಬಿಚ್ಚಿ ಅವನಿಗೆ ಕೊಟ್ಟಳು. "ನಿಮ್ಮ ಕೋಟಲ್ಲಿ ನಿಮ್ಮದೊಂದು ಫೋಟೋ ಬೇಡ್ವಾ?"

ಹಲ್ಲು ಕಟಕಟಿಸುತ್ತಿದ್ದರೂ ಕೈ ಅಲುಗಿಸದೆ ತೆಗೆದಳು. ತಕ್ಷಣ ಅವನು ಕೋಟನ್ನು ಮತ್ತೆ ಅವಳಿಗೇ ಹೊದಿಸಿದ. ಫೋಟೋದಲ್ಲಿ ಅವನು ಕ್ಯಾಮೆರಾವನ್ನಲ್ಲ, ಅವಳನ್ನು ನೋಡಿ ನಗುತ್ತಿದ್ದ.

ಆಮೇಲೆ? ಆಮೇಲೆ ಜಗತ್ತೇ ಬಾಗಿಲು ಹಾಕಿಕೊಂಡಿತು. ಮಾರ್ಚ್‌ನಲ್ಲಿ ಮಲೇಷ್ಯಾಕ್ಕೂ ಲಾಕ್‌ಡೌನ್ ಬಂತು. ಅವಳು ನಿಲಾಯ್‌ನಲ್ಲಿ, ಅವನು ಸೈಬರ್‌ಜಯಾದಲ್ಲಿ. ಮಧ್ಯೆ ರಾಜ್ಯದ ಗಡಿ, ಪೊಲೀಸರು. ಕಾರಿನಲ್ಲಿ ಅರ್ಧ ಮುಕ್ಕಾಲು ಗಂಟೆಯ ದಾರಿ... ದಾಟುವಂತಿಲ್ಲ! ದಿನಾ ಬರುತ್ತಿದ್ದ ಅವನ ಮೆಸೇಜುಗಳೂ ಏಪ್ರಿಲ್ ಕೊನೆಗೆ ಯಾಕೋ ನಿಂತವು.

ಮೇ ತಿಂಗಳಲ್ಲಿ ಮೈಸೂರಿನಿಂದ ಅಮ್ಮ ವಾಟ್ಸಾಪಿಗೆ ಒಂದು ಜಾತಕ, ಒಂದು ಫೋಟೋ ಕಳಿಸಿದರು. "ಹುಡುಗ ಮಲೇಷ್ಯಾದಲ್ಲೇ ಇದ್ದಾನಂತೆ ಕಣೇ. ನೋಡು."

ಅವಳೇ ತೆಗೆದ ಫೋಟೋ!

'ನಾನು ನಡುಗ್ತಾ ತೆಗೆದ ಫೋಟೋನ ಹೆಣ್ಣು ಹುಡುಕೋಕೆ ಊರೆಲ್ಲ ಹಂಚ್ತಿದ್ದಾನಾ? ಯಾರ್ಯಾರ ಮನೆ ಸುತ್ತಿ ನಮ್ಮನೆಗೆ ಬಂತೋ!' ದುಃಖ ಉಕ್ಕಿತು. "ಬೇಡಮ್ಮ" ಎಂದು ಬರೆದು, ಅವನ ನಂಬರನ್ನೂ ಬ್ಲಾಕ್ ಮಾಡಿಬಿಟ್ಟಳು.

ಡಿಸೆಂಬರ್‌ನಲ್ಲಿ ಗಡಿ ಮತ್ತೆ ತೆರೆಯಿತು. ಅಷ್ಟರಲ್ಲಿ ಅವಳ ಕೆಲಸದ ಅವಧಿ ಮುಗಿದಿತ್ತು. ಭಾನುವಾರ ವಿಶೇಷ ವಿಮಾನದಲ್ಲಿ ಬೆಂಗಳೂರಿಗೆ, ಮತ್ತೆ ಬರುವುದಿಲ್ಲ.

ಶನಿವಾರ ತುಳಸಿ ಅಕ್ಕನ ಫೋನು. "ಕೋಟನ್ನೂ ಪ್ಯಾಕ್ ಮಾಡ್ಬಿಡ್ಬೇಡ ಕಣೇ! ತಗೊಂಡ್ಬರೋಕೆ ಒಬ್ಬರನ್ನ ಕಳಿಸ್ತಿದ್ದೀನಿ."

ಕಪಾಟಿನಿಂದ ಕೋಟು ತೆಗೆದು ಮಡಿಲಲ್ಲಿ ಇಟ್ಟುಕೊಂಡು ಕುಳಿತಳು. ಹೊರಗೆ ಸುಡುವ ಸೆಕೆ. ಅವಳಿಗೆ ಬೇಕಾಗಿದ್ದು ಆ ಚಳಿ... ಮಾಸ್ಕಿಲ್ಲದ ಆ ಮುಖಗಳು, ಅಪರಿಚಿತರ ಪಕ್ಕದಲ್ಲಿ ಹೆದರದೆ ನಿಂತಿದ್ದ ಆ ಸಂಜೆ. ಮರೆಯಲು ಏಳು ತಿಂಗಳಿಂದ ಒದ್ದಾಡುತ್ತಿದ್ದಳು, ಪಾಪ.

ಬೆಲ್ ಆಯಿತು. ತೆರೆದರೆ ಮಾಸ್ಕಿನ ಮೇಲೆ ಅವೇ ಕಣ್ಣುಗಳು!

"ಕೋಟು..." ಎಂದ ತ್ರಿವಿಕ್ರಮ, ಹೊಸ್ತಿಲಾಚೆಯೇ ನಿಂತು.

ಅವನ ಕೈಗೆ ತುರುಕಿದಳು. "ಹುಡುಗಿ ಸಿಕ್ಕಳಾ? ಅಷ್ಟೊಂದು ಮನೆಗೆ ಫೋಟೋ ಕಳಿಸಿದ್ರಲ್ಲ!"

"ಅಷ್ಟೊಂದು ಮನೆಗಾ?" ಅವನು ತಬ್ಬಿಬ್ಬಾದ. "ತುಳಸಿ ಅಕ್ಕನ ಹತ್ರ ನಿಮ್ಮಮ್ಮನ ನಂಬರ್ ಇಸ್ಕೊಂಡು, ನಮ್ಮಮ್ಮನ ಕೈಲಿ ಕೇಳಿಸ್ದೆ. ಆ ಫೋಟೋ ಹೋಗಿದ್ದು ಒಂದೇ ಮನೆಗೆ, ಸಮೀಕ್ಷಾ... ನಿಮ್ಮನೆಗೆ. ನೀವು ಬೇಡ ಅಂದ್ರಿ."

ಅವಳು ತನ್ನನ್ನೇ ಬೈದುಕೊಂಡಳು. 'ಇಷ್ಟು ದಿನ ಯಾರನ್ನ ಶಪಿಸ್ತಿದ್ದೆ ನಾನು!'

"ನನಗೊಂದು ಮಾತು ಹೇಳ್ಬಾರ್ದಿತ್ತಾ? ಮೆಸೇಜೂ ನಿಲ್ಲಿಸ್ಬಿಟ್ರಿ!"

"ಹಿರಿಯರು ಮಾತಾಡೋವರೆಗೂ ಸುಮ್ನಿರು ಅಂದ್ರು ಅಮ್ಮ. ಮರ್ಯಾದೆಯಾಗಿ ಕೇಳ್ಬೇಕು ಅಂತ ನಾನೂ..." ತಲೆ ತಗ್ಗಿಸಿದ. "ಎಲ್ಲರನ್ನೂ ಕೇಳಿದೆ, ನಿಮ್ಮನ್ನ ಬಿಟ್ಟು. ತಪ್ಪಾಯ್ತು."

ಅವಳು ಅಳುತ್ತಲೇ ನಕ್ಕಳು. "ಹಾಗಾದ್ರೆ ಈಗ ಕೇಳಿ."

ಅವನು ತಲೆ ಎತ್ತಿದ. "ನನ್ನನ್ನ ಮದುವೆ ಆಗ್ತೀರಾ?"

"ಆಗ್ತೀನಿ."

ಅವನು ಮೆಲ್ಲಗೆ, "ನಾಳೆ ಹೋಗ್ಲೇಬೇಕಾ?" ಎಂದ.

"ಹೋಗ್ಬೇಕು. ಬೇಡ ಅಂದಿದ್ದನ್ನ ಬೇಕು ಅಂತ ಅಮ್ಮನ ಎದುರಿಗೇ ಕೂತು ಹೇಳ್ಬೇಕಲ್ಲ."

"ನಾನು ಬರೋಕೆ ಎಷ್ಟು ತಿಂಗಳಾಗುತ್ತೋ..."

"ಕಾಯ್ತೀನಿ. ಆದ್ರೆ ದಿನಾ ಮೆಸೇಜ್ ಮಾಡ್ಬೇಕು. ನಿಮ್ಮಮ್ಮ ಸುಮ್ನಿರು ಅಂದ್ರೂ!"